ಬೂಟಿನ ಆಚೆ

ವರ್ಲಿನ್,

ಇವತ್ತು ಬೆಳಿಗ್ಗೆ ಕುರಿಮರಿಗಳ ವಾಸನೆ ಹಿಡಿದು ತೋಳನಂಥ ಕಯೋಟಿಯೊಂದು ಬಂದಿತ್ತು. ಕೋವಿಗೆ ದಪ್ಪ ಚರೆಯ ತೋಟಾ ತುಂಬಿ ಕೊಟ್ಟಿಗೆಯ ಬಾಗಿಲಲ್ಲಿ ಕೂತೆ. ನಲವತ್ತು ಗಜ ದೂರದ ಬೇಲಿಗೂಟಕ್ಕೆ ನೀನು ಕವುಚಿಹಾಕಿದ ಹಳೇ ಬೂಟು ಇನ್ನೂ ಅಲ್ಲೇ ಇದೆ. ಕಯೋಟಿ ಅದರಾಚೆಯೇ ನಿಂತು ನನ್ನನ್ನು ನೋಡಿತು. ಆಮೇಲೆ ಹೊರಟುಹೋಯಿತು.

"ಹೊಡೀಬಾರ್ದಿತ್ತಾ ಅಕ್ಕಾ? ಅದೇನು ಕೋವಿನಾ, ಊರುಗೋಲಾ?" ಎಂದ ಪಕ್ಕದ ದೊಡ್ಡಿಯ ಡೆಲ್ಮರ್.

"ಬೂಟು ದಾಟಿರ್ಲಿಲ್ಲ ಕಣೋ," ಎಂದೆ.

"ಅದರಾಚೆ ಚರೆ ಚದುರಿಹೋಗುತ್ತೆ ಕಣೇ. ಪ್ರಾಣಿ ಸಾಯಲ್ಲ, ಗಾಯ ಹೊತ್ಕೊಂಡು ಅಲೆಯುತ್ತೆ," ಎಂದು ಕಲಿಸಿದವನು ನೀನೇ. ನನ್ನ ಜೊತೆಗಿನ ಸಂಸಾರ ಸಾಕೆಂದು ನೀನು ಹೇಳಿದ್ದು ಮಾತ್ರ ದೂರದ ಬಿಲಿಂಗ್ಸ್ ಪಟ್ಟಣ ಸೇರಿದ ಮೇಲೆ, ಫೋನಿನಲ್ಲಿ.

ಈ ಕಾಗದ ಕಳಿಸುವುದಿಲ್ಲ. ಬಿಲಿಂಗ್ಸ್ ಬೂಟಿನಿಂದ ಬಹಳ ಆಚೆ.

ಆರ್ಡಿಸ್