ಫ್ರಿಜ್ಜಿನಲ್ಲಿದ್ದ ನಿಮ್ಮ ಕೊಳವೆ

ಅಪ್ಪ,

ಕಂಪನಿಗಳ ಮೋಸವೆಂದು ಕರಪತ್ರ ಓದಿ ನಿಮಗೆ ಹೇಳುತ್ತಿದ್ದೆನಲ್ಲ, ಆಸ್ಪತ್ರೆಯ ಅದೇ ಯಂತ್ರಕ್ಕೆ ಇವತ್ತು ನಿಮ್ಮ ಕಾಯಿಲೆಯೇ ಬಂದಿರುವ ತಂಗಿಯ ರಕ್ತ ಹಾಯಿಸಿದರು. ರಕ್ತದ ಕೆಟ್ಟ ಕೊಬ್ಬನ್ನು ಹಿಡಿದುಕೊಳ್ಳುವ ಮಣಿಗಳು ತುಂಬಿದ ಕೊಳವೆ ನಡುವೆಯೇ ಕಟ್ಟಿಕೊಂಡು ಅಲಾರಂ ಕೂಗಿತು. ಅವಳ ತುಟಿ ಬಿಳಿಚಿತು. ಫ್ರಿಜ್ಜಿನಲ್ಲಿ ನಿಮ್ಮ ಹೆಸರು ಬರೆದಿಟ್ಟ ಹಳೆಯ ಕೊಳವೆ ಕಂಡಿತು.

"ಅದನ್ನೇ ಹಾಕಿ. ಔಷಧ ಎಲ್ಲರ ಸೊತ್ತು," ಎಂದೆ.

"ಒಬ್ಬರ ರಕ್ತ ಹರಿದದ್ದು ಇನ್ನೊಬ್ಬರಿಗೆ ಆಗಲ್ಲ ಕಣಪ್ಪ," ನರ್ಸ್ ಗದರಿದರು.

"ಅಣ್ಣ, ಇಲ್ಲೂ ಭಾಷಣ ಶುರು ಮಾಡ್ಬೇಡ," ಎಂದಳು ತಂಗಿ.

ನರ್ಸ್ ಉಪ್ಪುನೀರು ಹರಿಸಿ ಕೊಳವೆ ತೊಳೆದರು. ರಕ್ತ ಮತ್ತೆ ಓಡಿತು. ಆಮೇಲೆ ನರ್ಸ್ ಫ್ರಿಜ್ಜಿನ ಕೊಳವೆಯತ್ತ ನೋಡಿ ನನ್ನನ್ನು ಕೇಳಿದರು:

"ನಿಮ್ಮಪ್ಪ ಬರ್ತಾರೇನೋ ಅಂತ ಅದನ್ನ ಇಟ್ಕೊಂಡಿದ್ದೆ. ತೀರಿಕೊಂಡದ್ದು ಗೊತ್ತೇ ಆಗ್ಲಿಲ್ಲ. ಬರೋದು ಯಾಕೆ ಬಿಟ್ರು?"

ತಂಗಿ ನನ್ನನ್ನೇ ನೋಡಿದಳು. ಅವಳ ಮುಂದಿನ ಸರದಿ ಯಾವಾಗ ಎಂದು ನಾನು ನರ್ಸನ್ನು ಕೇಳಿದೆ.