ನಮ್ಮ ಗೇಟಿಗೆ ಗುರಿಯಿಟ್ಟ ಬಾಣ

ಬಡಾವಣೆಯ ಸಕಲ ಸೌಕರ್ಯಗಳ ಪಾಲಕರಾದ ಮಾನ್ಯ ಆಯುಕ್ತರೇ,

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲೊಂದು ಕಕ್ಕಸು ಇರುವ ಸಣ್ಣ ಮನೆ. ಆ ಕಕ್ಕಸನ್ನು ನಾವು ವಾಣಿಜ್ಯ ಉದ್ದೇಶಕ್ಕೆ ಬಳಸುತ್ತಿದ್ದೇವೆಂದೂ, ಕೂಡಲೇ ನಿಲ್ಲಿಸದಿದ್ದರೆ ನಲ್ಲಿ ಸಂಪರ್ಕ ಕಡಿತಗೊಳಿಸುವುದಾಗಿಯೂ ತಮ್ಮ ಕಚೇರಿ ನಮ್ಮ ಅಮ್ಮನಿಗೆ ನೋಟಿಸು ಕೊಟ್ಟಿದೆ. ಒಲೆ ಮುಂದೆ ಆಯುಷ್ಯ ಸವೆಸಿದ ಹೆಂಗಸನ್ನು ತಾವು ಒಂದೇ ಕಾಗದದಲ್ಲಿ ಉದ್ಯಮಿಯಾಗಿಸಿದ್ದೀರಿ. ಅಭಿನಂದನೆ ಹೇಳಬೇಕೋ ಜಗಳ ಆಡಬೇಕೋ ತೋಚದೆ ಎರಡನ್ನೂ ಮಾಡುತ್ತಿದ್ದೇನೆ.

ಅಪರಾಧ ನಡೆದ ಬಗೆ ಹೀಗೆ. ನಮ್ಮ ಮನೆಯೆದುರಿನ ಬಸ್ ನಿಲ್ದಾಣದಲ್ಲಿ ತಾವು ನೀಲಿ ಫಲಕವೊಂದನ್ನು ನೆಟ್ಟಿರಿ. ಉದ್ಯಾನಕ್ಕೊಂದು ಬಾಣ, ಗ್ರಂಥಾಲಯಕ್ಕೊಂದು, ಸಾರ್ವಜನಿಕ ಶೌಚಾಲಯಕ್ಕೊಂದು. ಉದ್ಯಾನದ ಬಾಣ ಹಿಡಿದು ಹೋದವರು ಚರಂಡಿ ಸೇರುತ್ತಾರೆ. ಗ್ರಂಥಾಲಯದ ಬಾಣ ಆಕಾಶ ನೋಡುತ್ತಿದೆ. ಜ್ಞಾನ ಮೇಲಿನವರಿಂದಲೇ ಇಳಿದು ಬರಬೇಕೆಂಬುದು ತಮ್ಮ ಅಭಿಪ್ರಾಯವಿರಬಹುದು. ಶೌಚಾಲಯದ ಬಾಣ ಮಾತ್ರ ನೇರ ನಮ್ಮ ಗೇಟಿಗೆ. ಪಕ್ಕದ ಖಾಲಿ ಜಾಗದಲ್ಲಿ ಶೌಚಾಲಯ ಏಳಬೇಕಿತ್ತಂತೆ. ಫಲಕ ಬಂತು, ಕಟ್ಟಡ ಬರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆವು. ಕುಲಾವಿಯನ್ನು ಪಕ್ಕದ ಮನೆಯವರ ತಲೆಗೆ ತೊಡಿಸುವುದನ್ನು ಈಗ ಕಂಡೆವು.

ಜನ ಪಾಪ, ಸರಕಾರಿ ಬಾಣವನ್ನು ನಂಬಿದರು. ಮೊದಲು ಬಂದ ಮಹಾಶಯರು ಗೇಟಿನ ಬಳಿ ಪೇಪರು ಓದುತ್ತಿದ್ದ ನಮ್ಮಪ್ಪನ ಕೈಗೆ ಚಿಲ್ಲರೆ ಇಟ್ಟು ಒಳಗೆ ನಡೆದೇಬಿಟ್ಟರು. ಅಪ್ಪ ಅಂದೇ ಪೇಪರು ಮಡಚಿ, ಕೂತಿದ್ದ ಕುರ್ಚಿಯನ್ನು ಒಳಗೆ ಒಯ್ದ. ಕುರ್ಚಿ ಈಗ ನಡುಮನೆಯಲ್ಲಿದೆ. ನಮ್ಮ ಉದ್ಯಮದ ಈವರೆಗಿನ ಒಟ್ಟು ವರಮಾನವೂ ಆ ಚಿಲ್ಲರೆಯೇ.

ಮರುದಿನದಿಂದ ಅಮ್ಮ ಪೊರಕೆ ಹಿಡಿದು ಕಾವಲು ನಿಂತಳು. ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಒಬ್ಬಾಕೆ ಬಂದಳು. ಇದು ಸಂಸಾರಸ್ಥರ ಮನೆ ಎಂದು ಅಮ್ಮ ಹೇಳಿದ್ದೇ ತಡ, ತಪ್ಪಾಯಿತೆಂದು ತಿರುಗಿ ಹೊರಟಳು. ಹಾಗಾದರೆ ಈಗ ಎಲ್ಲಿಗೆ ಹೋಗುತ್ತೀ ಎಂದು ಅಮ್ಮ ಕೇಳಿದಳು.

"ಎಲ್ಲಿಗೂ ಇಲ್ಲಮ್ಮ. ಡ್ಯೂಟಿ ಇದ್ದ ದಿನ ನಾನು ನೀರೇ ಕುಡಿಯಲ್ಲ. ಡಾಕ್ಟರು ಬೈತಾರೆ. ಬೈದ್ರೆ ಏನ್ಮಾಡ್ಲಿ?"

ಅಮ್ಮ ಪೊರಕೆ ಗೋಡೆಗೆ ಒರಗಿಸಿದಳು. "ಚಪ್ಪಲಿ ಅಲ್ಲೇ ಬಿಟ್ಟು ಬಾ. ಈಗಷ್ಟೇ ನೆಲ ಒರೆಸಿದೀನಿ."

ಆ ಕಕ್ಕಸು ಸಾರ್ವಜನಿಕವಾದದ್ದು ಆ ಕ್ಷಣ, ತಮ್ಮ ಫಲಕದಿಂದಲ್ಲ. ಅಂದಿನಿಂದ ಆಕೆ ಹಿತ್ತಿಲಿಗೆ ಹೋಗಿ ಬಂದು, ಒಂದು ಚೊಂಬು ನೀರು ಗಟಗಟನೆ ಕುಡಿದು ಬಸ್ ಹತ್ತುತ್ತಾಳೆ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಆಸ್ಪತ್ರೆಗೆ ಹೊರಟ ಮುದುಕರು ಬರುತ್ತಾರೆ. ನೋಟಿಸು ತಂದ ತಮ್ಮ ಇನ್‌ಸ್ಪೆಕ್ಟರರೂ ಸಹಿ ಹಾಕಿಸಿಕೊಂಡ ಮೇಲೆ ಹೊರಡದೆ, ಕಾಲು ಬದಲಿಸುತ್ತಾ ನಿಂತರು. ಅಮ್ಮ ಏನೂ ಕೇಳದೆ ಹಿತ್ತಿಲ ಕಡೆ ಕೈ ತೋರಿಸಿದಳು. ಕಾನೂನು ಹಗುರಾಗಿ ಹೊರಬಂತು.

ಆದರೆ ಸುದ್ದಿ ಕೇಳಿದ ಕಂಡಕ್ಟರಮ್ಮ ಬರುವುದನ್ನು ನಿಲ್ಲಿಸಿದಳು. ತನ್ನಿಂದ ನಮ್ಮ ನಲ್ಲಿ ಹೋಗಬಾರದಂತೆ. ಮತ್ತೆ ಬಾಯಿ ಒಣಗಿಸಿಕೊಂಡು ಟಿಕೆಟ್ ಹರಿಯುತ್ತಿದ್ದಾಳೆ. ನಿನ್ನೆ ಅಮ್ಮ ಬಸ್ಸಿನ ಬಾಗಿಲಿಗೇ ಚೊಂಬು ಒಯ್ದಳು. "ನಲ್ಲಿ ಹೋದ್ರೆ ನನ್ನದು ತಾನೇ ಹೋಗೋದು? ಇಳಿ ಕೆಳಗೆ." ಬಸ್ಸು ಕಾಯಿತು. ಪ್ರಯಾಣಿಕರೂ ಕಾದರು. ಆಕೆ ಇಳಿದಳು.

ಇದೇ ನೋಟಿಸಿಗೆ ನಮ್ಮ ಉತ್ತರ, ಮಾನ್ಯರೇ. ಹಿತ್ತಿಲ ಬಾಗಿಲು ಮುಚ್ಚುವುದಿಲ್ಲ. ನೋಟಿಸು ಹಿಂಪಡೆಯಿರಿ, ಖಾಲಿ ಜಾಗದಲ್ಲಿ ಶೌಚಾಲಯ ಕಟ್ಟಿಸಿರಿ. ನಲ್ಲಿ ಕಿತ್ತರೆ ಬೀದಿಯವರೆಲ್ಲ ಕೊಡ ಹೊತ್ತು ತರಲು ಒಪ್ಪಿದ್ದಾರೆ.

ಕೊನೆಗೊಂದು ತಾಂತ್ರಿಕ ವಿಷಯ. ಆ ಬಾಣದ ಬೋಲ್ಟು ಸಡಿಲವಾಗಿದೆ. ಜೋರು ಗಾಳಿ ಬೀಸಿದರೆ ಅದು ಎದುರು ರಸ್ತೆಗೆ ತಿರುಗುವ ಅಪಾಯವಿದೆ. ಆ ರಸ್ತೆಯ ಕೊನೆಯಲ್ಲಿರುವುದು ತಮ್ಮ ಅಧಿಕೃತ ನಿವಾಸ. ಅಲ್ಲಿ ನಾಲ್ಕು ಶೌಚಾಲಯಗಳಿವೆಯೆಂದು ಪ್ಲಂಬರ್ ಹೇಳಿದ್ದಾನೆ. ನಮ್ಮ ಕಡೆ ಇತ್ತೀಚೆಗೆ ಗಾಳಿ ಜೋರಾಗಿದೆ.

ಇಂತಿ,
ಸಂಬಳವಿಲ್ಲದೆ ಬಕೆಟ್ ತುಂಬಿಸುವ, ಸ್ಪ್ಯಾನರ್ ಹಿಡಿಯಲೂ ಬಲ್ಲ,
ಆ ಮನೆಯ ಕಿರಿಮಗ