ಜಾಗ ಹೇಳದೆ ಹೋದ ಮೂಳೆ

ತಾರೀಕು ಹನ್ನೆರಡು, ಗುರುವಾರ.

ತೀರಿಕೊಂಡ ನಮ್ಮ ಯಜಮಾನರ ಹೆಸರು ನಾಲ್ಕು ಜನರ ಬಾಯಲ್ಲಿ ಬರಲಿ ಎಂದು, ಅವರು ಹೆಕ್ಕಿ ತಂದಿದ್ದ ಕಲ್ಲಾದ ಮೂಳೆಯನ್ನು ಸೊಸೆಯ ಜೊತೆ ಮ್ಯೂಸಿಯಮ್ಮಿಗೆ ಹೊತ್ತುಕೊಂಡು ಹೋದೆ. ಮಂಡಿನೋವೊಂದೇ ಲಾಭ.

ಅಲ್ಲಿನ ಮೇಡಂ ಭೂತಗನ್ನಡಿ ಹಿಡಿದು ನೋಡಿ ಕುಣಿದಾಡಿಬಿಟ್ಟಳು. ಡೈನೊಸಾರ್ ತೊಡೆಯ ಮೂಳೆಯಂತೆ, ಇಂಥದ್ದನ್ನು ಅವಳು ಕಂಡೇ ಇಲ್ಲವಂತೆ.

"ಅಜ್ಜಿ, ಇದು ಎಲ್ಲಿ ಸಿಕ್ತು?"

"ಗೊತ್ತಿಲ್ಲಮ್ಮ."

"ಯಾವ ಗುಡ್ಡ, ಯಾವ ಹಳ್ಳ ಅಂತಾದ್ರೂ ಹೇಳಿ. ಜಾಗ ಗೊತ್ತಿಲ್ದಿದ್ರೆ ಇದರ ಮೇಲೆ ಒಂದು ಸಾಲೂ ಬರೆಯೋಕಾಗಲ್ಲ."

ಏನು ಹೇಳಲಿ? ಬೇರೆ ಕಲ್ಲುಹುಚ್ಚರು ಬಂದು ಅಗೆದಾರು ಎಂದು ಆ ಮನುಷ್ಯ ಸಾಯುವವರೆಗೂ ಬಾಯಿ ಬಿಡಲಿಲ್ಲ. ನಾನು ಕೇಳಿದರೆ, "ನಿನಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ" ಎನ್ನುತ್ತಿದ್ದರು. ಭಾನುವಾರಗಳನ್ನೆಲ್ಲ ವಿಜ್ಞಾನಕ್ಕೆ ಕೊಟ್ಟೆ ಎಂದು ಮೆರೆದವರು ತಂದ ಮೂಳೆಯನ್ನು ಇನ್ನು ಮಕ್ಕಳು ಮುಟ್ಟಿ ಆಡುವ ಮೇಜಿನ ಮೇಲೆ ಇಡುತ್ತಾರಂತೆ.

ಬಸ್ಸಿನಲ್ಲಿ ಸೊಸೆ, "ಹೋಗ್ಲಿ ಬಿಡಿ ಅತ್ತೆ, ಮಾವ ಇದ್ದಿದ್ರೆ ಹೇಳಿರೋರು" ಎಂದಳು.

"ಇದ್ದಿದ್ರೆ ಮೂಳೆನೂ ಕೊಡ್ತಿರಲಿಲ್ಲ, ಸುಮ್ನಿರು" ಎಂದೆ.

ಮೂಳೆ ಹಾಳಾಗಲಿ. ನನ್ನನ್ನು ನಂಬಲಿಲ್ಲವಲ್ಲ, ಅದು ಕೊರೆಯುತ್ತಿದೆ. ಅವರು ಕಾರ್ಖಾನೆಯ ಸಾಮಾನು ಕದ್ದು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡು ಬಂದಾಗ, ಸೊಂಟನೋವಿಗೆ ಅವರೇ ಕೆಲಸ ಬಿಟ್ಟರು ಎಂದು ಮಕ್ಕಳಿಗೆ ಹೇಳಿದವಳು ನಾನು. ಮಕ್ಕಳು ಇವತ್ತಿಗೂ ಹಾಗೇ ತಿಳಿದಿದ್ದಾರೆ. ಬೆಳಿಗ್ಗೆ ಸೊಸೆ ಏಳುವ ಮೊದಲು ಈ ಹಾಳೆಯನ್ನು ಹರಿದು ಒಲೆಗೆ ಹಾಕಬೇಕು.